ಸಾಕ್ಷಿಯ ಕಾಲಂ

ಬಾಡಿಗೆದಾರರ ಸಂಘದ ವಕೀಲೆ, ಫ್ರಾವ್ ಓಡೆನ್‌ವಾಲ್ಡ್,
ಕನ್ನಡಕ ಒರೆಸುತ್ತ ಹೇಳಿದರು:
ಬರೆದಿಡಿ. ಸಿಟ್ಟನ್ನಲ್ಲ, ಸದ್ದನ್ನು.
ತಾರೀಕು, ಗಂಟೆ, ಎಷ್ಟು ಹೊತ್ತು, ಎಂಥದ್ದು,
ಕೊನೆಗೆ ಸಾಕ್ಷಿ.
ಎರಡು ವಾರ ಬರೆಯಿರಿ, ಆಮೇಲೆ ಮಾಲೀಕರಿಗೆ ಕಾಗದ.
ಅಷ್ಟರೊಳಗೆ ಬಾಡಿಗೆಗೆ ನೀವೇ ಕತ್ತರಿ ಹಾಕಬೇಡಿ,
ಪೂರ್ತಿ ಕಟ್ಟಿ, ‘ಹಕ್ಕು ಕಾದಿರಿಸಿ ಕಟ್ಟಿದ್ದೇನೆ’
ಎಂದೊಂದು ಸಾಲು ಸೇರಿಸಿ.
ರಾತ್ರಿ ಹತ್ತರಿಂದ ಬೆಳಗಿನ ಆರು ನಿಮ್ಮದು.
ಮಗು ಅತ್ತರೆ ಮಾತ್ರ ಬರೆಯಬೇಡಿ,
ಕಾನೂನಿನ ಕಿವಿಗೆ ಅದು ಸದ್ದಲ್ಲ.

ನನ್ನ ತಲೆಯ ಮೇಲೆ ಮಗುವಿಲ್ಲ.
ವೀಲಾಂಡ್ ಎಂಬ ಗಂಡಸಿದ್ದಾನೆ,
ಅವನಿಗೊಂದು ಹುಟ್ಟು ಹಾಕುವ ಯಂತ್ರ.
ಲೈಪ್‌ಜಿಗ್‌ನ ನಾಲ್ಕನೆಯ ಮಹಡಿಯಲ್ಲಿ, ನೀರಿಲ್ಲದೆ,
ಹನ್ನೊಂದೂವರೆಗೆ ಹೊರಡುತ್ತಾನೆ.
ಸರ್ರ್... ಟಕ್.
ಸರ್ರ್... ಟಕ್.
ನಾನು ಹೊಳೆಯ ತಳದಲ್ಲಿ ಮಲಗಿದವಳು,
ಕಣ್ಣು ಬಿಟ್ಟುಕೊಂಡು ದೋಣಿಯ ಅಡಿ ನೋಡುವವಳು.

ನಾಲ್ಕೂ ಹನ್ನೆರಡಕ್ಕೆ ಮನೆ ಬಿಡಬೇಕು,
ಊರಿನ ಮೊದಲ ಟ್ರಾಮು ನನ್ನ ಕೈಯಲ್ಲಿ.
ಮೊನ್ನೆ ಒಂದು ತಿರುವಿನಲ್ಲಿ ರೆಪ್ಪೆ ಜಾರಿತು.
ಹಿಂದೆ ಕೂತ ಏಳು ಜನಕ್ಕೆ ಗೊತ್ತಿಲ್ಲ.
ಅದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ.

ಬರೆದೆ.
ಮಾರ್ಚ್ ನಾಲ್ಕು, ೧೧.೩೪, ನಲವತ್ತು ನಿಮಿಷ, ಸರ್ರ್-ಟಕ್.
ಮಾರ್ಚ್ ಐದು, ೧೧.೩೧, ಅದೇ, ನಡುವೆ ಒಮ್ಮೆ ಧಡ್.
ಬಿದ್ದನೋ, ಬೀಳಿಸಿದನೋ.
ಮಾರ್ಚ್ ಆರು, ಸದ್ದಿಲ್ಲ.
ಒಂದು ಗಂಟೆಯವರೆಗೆ ಕಾದೆ.
ಬಾರದ ಸದ್ದಿನ ಮೇಲೆ ಬಂದ ಸಿಟ್ಟು
ಎಲ್ಲಕ್ಕಿಂತ ದೊಡ್ಡದು.
ಸಾಕ್ಷಿಯ ಕಾಲಂ ಉದ್ದಕ್ಕೂ ಖಾಲಿ.
ಒಬ್ಬಳೇ ಇರುವವಳಿಗೆ ಸಾಕ್ಷಿ ಯಾರು?
ಗಡಿಯಾರಕ್ಕೆ ಸಹಿ ಹಾಕಲು ಬಾರದು.

ಕೆಳಗಿನ ಮನೆಯ ಗಂಟೆ ಒತ್ತಿದೆ.
ಲೋಥಾರ್ ಮೇನರ್ಟ್, ರೈಲ್ವೆಯ ಸಿಗ್ನಲ್ ಮನೆಯಿಂದ ನಿವೃತ್ತ.
ಹನ್ನೊಂದು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.
ಮೇಲಿನವನ ಹುಟ್ಟು ನಿಮಗೂ ಕೇಳುತ್ತದೆಯೇ, ಎಂದೆ.
ಮಾತಾಡಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು.
ನನ್ನವೇ ಕಾಲಂಗಳು,
ಗೆರೆ ಮಾತ್ರ ಸ್ಕೇಲಿಟ್ಟು ಎಳೆದವು.

ಮಾರ್ಚ್ ನಾಲ್ಕು, ೧೧.೩೪, ಮೇಲಿನ ಮೇಲೆ: ದೋಣಿ.
೧೧.೪೧, ಮೇಲೆ: ಪೊರಕೆ ಹಿಡಿಯಿಂದ ಸೂರಿಗೆ ಗುದ್ದು, ಏಳು.
೧೧.೫೨, ಗುದ್ದು ಒಂಬತ್ತು, ಬೈಗುಳ ಒಂದು.
೩.೪೦, ನಲ್ಲಿ.
೩.೫೫, ಬೂಟು, ಅಡುಗೆಮನೆಯಿಂದ ಬಾಗಿಲಿಗೆ,
ಬಾಗಿಲಿಂದ ಮತ್ತೆ ಅಡುಗೆಮನೆಗೆ, ಏನೋ ಮರೆತಿದ್ದಾಳೆ.
೪.೧೨, ಮೆಟ್ಟಿಲು, ಧಡಧಡಧಡ, ಐವತ್ತನಾಲ್ಕು.

ಕಪಾಟಿನಲ್ಲಿ ಅಂಥವು ಇನ್ನೂ ಇದ್ದವು.
ಯಾರಿಗಾದರೂ ದೂರು ಕೊಟ್ಟಿದ್ದೀರಾ?
ಇಲ್ಲ, ಅಂದರು. ಹಳೆಯ ಅಭ್ಯಾಸ.
ಹಾದುಹೋದದ್ದನ್ನೆಲ್ಲ ಬರೆಯಬೇಕು,
ನಿಂತದ್ದಾಗಲಿ, ನಿಲ್ಲದ್ದಾಗಲಿ.

ಸಹಿ ಹಾಕುತ್ತೇನೆ. ಆದರೆ ಪುಟ ಹರಿಯುವುದಿಲ್ಲ,
ದೋಣಿಯ ಜತೆ ಪೊರಕೆಯೂ ಹೋಗಬೇಕು.

ವಕೀಲೆ ಎರಡು ಸಲ ಓದಿದರು.
ಪೊರಕೆ ಹಿಡಿದರೆ ಹಕ್ಕು ತುಸು ಸವೆಯುತ್ತದೆ,
ಪೂರ್ತಿ ಹೋಗುವುದಿಲ್ಲ, ಅಂದರು.
ಕಾಗದ ಹೋಯಿತು. ಯಂತ್ರದಡಿಗೆ ರಬ್ಬರಿನ ಹಾಸು ಬಂತು,
ಮೂರು ತಿಂಗಳ ಬಾಡಿಗೆಯಲ್ಲಿ ನೂರಕ್ಕೆ ಎಂಟು ವಾಪಸು.
ವೀಲಾಂಡ್ ಈಗ ಒಂಬತ್ತೂವರೆಗೇ ಹೊರಡುತ್ತಾನೆ.
ಹತ್ತಕ್ಕೆ ಮೂರು ನಿಮಿಷವಿದ್ದರೂ ಹುಟ್ಟು ಬಿಡುವುದಿಲ್ಲ.
ಇರಲಿ, ಆ ಮೂರು ನಿಮಿಷ ಅವನವು.
ಹಲ್ಲು ಕಚ್ಚಿಕೊಂಡೇ ಹೇಳುತ್ತಿದ್ದೇನೆ.

ನಾನೀಗ ಬೂಟು ಕೈಯಲ್ಲಿ ಹಿಡಿದು ಇಳಿಯುತ್ತೇನೆ,
ಕಾಲುಚೀಲದಲ್ಲಿ, ನನ್ನ ಮನೆಯಿಂದಲೇ ಕದ್ದು ಹೊರಟವಳಂತೆ.
ಎರಡನೆಯ ಮಹಡಿ, ನಾಲ್ಕೂ ಹನ್ನೆರಡು.
ಬಾಗಿಲ ಕೆಳಗೆ ಬೆಳಕಿನ ಗೆರೆ.
ಒಳಗೆ ಪೆನ್ನಿನ ಕ್ಯಾಪು ತೆಗೆದ ಸದ್ದು,
ಟಕ್.

ನಾನದನ್ನು ಬರೆದುಕೊಳ್ಳಲಿಲ್ಲ.