ಅಕ್ಷರಕ್ಕೆ ಹದಿನೈದು

ಲೆಫ್ಟ್ ವಿಂಗಿನ ಹುಡುಗನ್ನ ಮಾರಿಬಿಟ್ರಂತೆ.
ಇಡ್ಲಿ ಗಾಡಿಯ ದೈವಮಣಿ ಹೇಳಿದ್ಲು,
ಸಾವಿನ ಸುದ್ದಿ ಹೇಳೋ ಹಾಗೆ
ಸೌಟು ಕೆಳಗಿಟ್ಟು, ದನಿ ತಗ್ಗಿಸಿ.
ಷಟರ್ ಅರ್ಧ ಎತ್ತಿ ಹಾಗೇ ನಿಂತೆ.

ಆಸ್ಟಿನ್ ಟೌನಲ್ಲಿ ಜರ್ಸಿಗೆ ಹೆಸರು ಹೊಲಿಯೋನು ನಾನು,
ಇಪ್ಪತ್ತೆರಡು ವರ್ಷದಿಂದ.
ಅಕ್ಷರಕ್ಕೆ ಹದಿನೈದು, ನಂಬರಿಗೆ ನಲವತ್ತು.
ಲಾಲ್ರುವಾಟ: ಇಂಗ್ಲಿಷಲ್ಲಿ ಎಂಟಕ್ಷರ, ನೂರಿಪ್ಪತ್ತು ರೂಪಾಯಿ.
ಮೂರು ಸೀಸನ್ನಲ್ಲಿ ಎಷ್ಟು ಬೆನ್ನಿಗೆ ಹೊಲಿದಿದೀನೋ ಲೆಕ್ಕ ಇಟ್ಟಿಲ್ಲ.
ಇವತ್ತು ಊಟದ ಹೊತ್ತಿಗೆ ನಾಲ್ಕು ವಾಪಸ್ ಬಂದ್ವು.
'ಹೆಸರು ಬಿಚ್ಚಿಕೊಡಿ ಅಣ್ಣಾ.'
ನಾಲ್ಕನೆಯೋನು ಅಳೋ ಹಾಗಿದ್ದ, ಮೀಸೆ ನರೆತ ಗಂಡಸು.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ,
ಅದಕ್ಕೇ ಹೇಳ್ತೀನಿ.
ಒಪ್ಕೋತೀನಿ, ಅವನ ಬಲಗಾಲಿದ್ದದ್ದು ಬಸ್ಸು ಹತ್ತೋಕೆ ಮಾತ್ರ.
ಹೆಡ್ ಮಾಡು ಅಂದ್ರೆ ಕಣ್ಣು ಮುಚ್ಚೋನು.
ಆದರೆ ಆ ಎಡಗಾಲು!
ಕರಗ ಹೊತ್ತವನ ತಲೆ ಮೇಲೆ ಕರಗ ನಿಲ್ಲೋ ಹಾಗೆ
ಹಿಡಿಯೋ ಕೈಯಿಲ್ಲದೆ ಚೆಂಡು ಅಲ್ಲಿ ನಿಲ್ತಿತ್ತು,
ಅವನು ಓಡ್ತಾ ಇದ್ರೂ.

ಬದಲಿಗೆ ತಂದದ್ದು ಯಾರನ್ನ?
ಮೂವತ್ನಾಲ್ಕರ ಡಿಫೆಂಡರು.
ಅವನ ಮೊಣಕಾಲು ರಿಚ್ಮಂಡ್ ಸರ್ಕಲ್ಲಿನ ಫ್ಲೈಓವರು,
ಎಲ್ಲಿ ತಿರುಗಬೇಕು ಅಂತ ಅದಕ್ಕೇ ಗೊತ್ತಿಲ್ಲ.
ಮ್ಯಾನೇಜರ್ ಅಂತಾನೆ, 'ಅನುಭವ.'
ಅನುಭವ ನನಗೂ ಇದೆ ಸ್ವಾಮಿ, ನನ್ನೂ ಆಡಿಸಿ.

ಆರೋಗ್ಯಸ್ವಾಮಿ ಬೆಂಚಿನ ಮೇಲೆ ಕೂತು ಟೀ ಊದ್ತಿದ್ದ.
ಗೌತಮಪುರದೋನು, ಕಾರ್ಖಾನೆ ಟೀಮಿನ ಹಳೇ ಗೋಲಿ,
ಎಡಗೈ ಕಿರುಬೆರಳು ಇವತ್ತಿಗೂ ನೆಟ್ಟಗಿಲ್ಲ.
'ಮಾರಿದ್ದು ಸರಿ' ಅಂದ.
ಸೂಜಿ ಚುಚ್ಚಿಕೊಂಡೆ.
'ನಮಗೆ ಲೇತ್ ಮಿಷನ್ ಕೊಟ್ರು, ಬೂಟು ಕೊಟ್ರು,
ಪಿಂಚಣಿ ಈಗ್ಲೂ ಬರ್ತದೆ, ತಪ್ಪು ಹೇಳಬಾರದು.
ಬೇಕು ಅಂತ ಪಕ್ಕದೂರಿಂದ ಒಬ್ಬ ಬರಲಿಲ್ಲ ನೋಡು.
ಇಷ್ಟು ಕೊಡ್ತೀನಿ ಅಂತ ಒಬ್ಬ ಬಾಯಿ ಬಿಡಲಿಲ್ಲ.
ಹೋಗ್ತಿರಲಿಲ್ಲ ನಾನು.
ಕೇಳಬೇಕಿತ್ತು, ಅಷ್ಟೆ.'
ಗ್ಲಾಸಿನ ತಳ ನೋಡಿ ಸುಮ್ಮನಾದ.
ನಾನೂ ಮಿಷನ್ನಿಗೆ ಎಣ್ಣೆ ಬಿಟ್ಟೆ, ಬೇಕಿರಲಿಲ್ಲ.

ಸಂಜೆ ಡ್ರಾಫ್ಟು.
ದಾರದ ಉಂಡೆಗೆ ಮೊಬೈಲ್ ಒರಗಿಸಿ ಹನ್ನೊಂದು ಜನ ನೋಡಿದ್ವಿ,
ನಮ್ಮ ಬೀದಿಯ ಅಮಲ್ದಾಸ್ ಹೆಸರು ಪಟ್ಟಿಯಲ್ಲಿತ್ತು.
ಅವನು ಬಂದಿರಲಿಲ್ಲ, ಮೈದಾನದಲ್ಲಿ ಒಬ್ಬನೇ ಗೋಡೆಗೆ ಒದೀತಿದ್ದಾನಂತೆ.
ಅವನಮ್ಮ ಬಂದಿದ್ಲು, ಚಪ್ಪಲಿ ಹೊರಗೆ ಬಿಟ್ಟು,
ಅಂಗಡಿಗೆ ಯಾರೂ ಹಾಗೆ ಬರಲ್ಲ.
ಆರನೇ ಸುತ್ತು, ಇಲ್ಲ. ಎಂಟು, ಇಲ್ಲ.
ಒಂಬತ್ತರಲ್ಲಿ ನಮ್ಮೋರ ಸರದಿ:
ತಗೊಂಡದ್ದು ಗೋಲಿಯನ್ನ. ಮೂರನೇ ಗೋಲಿ!
ಒಂದು ಬಾಗಿಲಿಗೆ ಮೂರು ಬೀಗ.
ನಾನು ಆಡಿದ ಮಾತು ಇಲ್ಲಿ ಬರೆಯೋ ಹಾಗಿಲ್ಲ,
ಅವನಮ್ಮ ಕೇಳಿಸಿಕೊಳ್ಳದ ಹಾಗೆ ಕೇಳಿಸಿಕೊಂಡ್ಲು.

ಹನ್ನೊಂದನೇ ಸುತ್ತಿನಲ್ಲಿ ಯಾರೋ ಕರೆದ್ರು,
ಸಮುದ್ರದ ದಡದ ಟೀಮು, ಎರಡು ರಾತ್ರಿಯ ರೈಲು.
ಕೇಕೆ ಹಾಕಿದ್ವಿ.
'ಅಲ್ಲಿ ಅನ್ನ ಸಿಗ್ತದಾ?' ಕೇಳಿದ್ಲು ಅವಳು.

ರಾತ್ರಿ ಒಬ್ಬನೇ ಬಿಚ್ಚೋಕೆ ಕೂತೆ.
ಹೊಲಿಯೋಕಿಂತ ಬಿಚ್ಚೋದು ನಿಧಾನ,
ಅಕ್ಷರ ಹೋದ್ರೂ ಸೂಜಿಯ ತೂತು ಅದೇ ಹೆಸರು ಓದ್ತವೆ.
ಮೇಜಿನ ಮೇಲೆ ಒಂದು ಬೆನ್ನಿನ ಅಕ್ಷರ ಹರಡಿದ್ವು, ಮೂರು ಎ, ಎರಡು ಎಲ್...
ಬೆರಳು ತಾನೇ ಜೋಡಿಸ್ತಾ ಹೋಯ್ತು.
ಅಮಲ್ದಾಸ್‌ಗೆ ಎಂ, ಡಿ, ಎಸ್ ಮಾತ್ರ ಹೊಸದಾಗಿ ಕತ್ತರಿಸಬೇಕು.
ನಲವತ್ತೈದು ರೂಪಾಯಿ.
ಅದನ್ನ ಕೇಳೇ ಕೇಳ್ತೀನಿ.
ಪುಕ್ಕಟೆ ಕೊಟ್ಟರೆ ಆರೋಗ್ಯಸ್ವಾಮಿ ಬೈತಾನೆ.

ಡಿಸೆಂಬರಲ್ಲಿ ನಮ್ಮ ವಿರುದ್ಧ ಆಡೋಕೆ ಬರ್ತಾನೆ.
ಗೋಲು ಹೊಡೆದ್ರೆ ಎದ್ದು ನಿಂತು ಉಗಿಯೋನು ನಾನೇ.
ಉಳಿದ ಎಲ್, ಆರ್, ಯು, ಟಿ
ಗುಂಡಿ ಡಬ್ಬಿಯಲ್ಲಿವೆ.