ಕೂಳೂರಿನಲ್ಲಿ ಬ್ಯಾರಿಕೇಡ್

ಹತ್ತು ಗಂಟೆಗೆ ಸರಿಯಾಗಿ ಅಡ್ಡ ಎಳೆದೆ.
ಕಬ್ಬಿಣದ ಕಾಲು ಡಾಮರಿಗೆ ಉಜ್ಜಿದ ಸದ್ದಿಗೆ
ಸೇತುವೆಯ ಆಚೆಯ ನಾಯಿಗಳು ಒಮ್ಮೆ ಎದ್ದು ಮತ್ತೆ ಮಲಗಿದವು.
ಇನ್ನು ಬೆಳಗ್ಗೆ ಐದರ ತನಕ
ಆರು ಚಕ್ರಕ್ಕಿಂತ ಮೇಲಿನದ್ದು ಊರೊಳಗೆ ಇಲ್ಲ.
ಹಾಗೆಂದು ಬೋರ್ಡು. ಬೋರ್ಡಿನ ಬುಡದಲ್ಲಿ
ಹೋಂಗಾರ್ಡ್ ಜಲಜಾಕ್ಷಿ, ಅಂದರೆ ನಾನು.

ಬೈಕಂಪಾಡಿಯ ತನಕ ಸಾಲು.
ಕಲ್ಲಿದ್ದಲು, ತಾಳೆ ಎಣ್ಣೆ, ಹೊಸಪೇಟೆಯ ಮಣ್ಣು,
ಅವಕ್ಕೆಲ್ಲ ನಿದ್ದೆ ಬರುತ್ತದೆ.
ಮೀನಿನ ಲಾರಿಗೆ ಬರುವುದಿಲ್ಲ.

ಮಲ್ಪೆಯಿಂದ ಬಂದ ಇದಿನಬ್ಬ ಇಳಿದು
ಹಿಂದಿನ ಬಾಗಿಲ ಕೆಳಗೆ ಅಂಗೈ ಒಡ್ಡಿದ.
ತೊಟ್ಟು. ತೊಟ್ಟು.
"ನೋಡಕ್ಕ, ಇದು ನನ್ನ ವಾಚು.
ಕಣ್ಣೂರಿನ ಏಲಂ ಸೂರ್ಯನಿಗೇ ಕಾಯುದಿಲ್ಲ,
ನನಗೆ ಕಾಯುದುಂಟಾ?"
ಎರಡೂವರೆಗೆ ಪುನಃ ಬಂದ, ಪೇಪರಿನಲ್ಲಿ ಸುತ್ತಿದ ಬಂಗುಡೆ ಹಿಡಿದು,
ಐದಾರು ಇರಬಹುದು, ದಪ್ಪ ದಪ್ಪ.
ತಗೊಳ್ಳಲಿಲ್ಲ.
ಸತ್ಯವಂತೆ ಅಂತಲ್ಲ.

ನನ್ನ ಮನೆ ಕೊಟ್ಟಾರ ಚೌಕಿಯಲ್ಲಿ, ಹೈವೇಗೆ ಬೆನ್ನು ಹಾಕಿ.
ಹಗಲು ಲಾರಿಗಳು ತೆವಳುತ್ತವೆ, ಪರವಾಗಿಲ್ಲ;
ರಾತ್ರಿ ಖಾಲಿ ರಸ್ತೆಯಲ್ಲಿ ಹಂಪಿನ ಮೇಲೆ ಹಾರುವುದೇ ಗೋಡೆಗೆ ತಾಗುವುದು.
ಅಡುಗೆಕೋಣೆಯ ಕಿಟಕಿಯ ಮೂಲೆಯಿಂದ ಒಂದು ಬಿರುಕು ಇಳಿಯುತ್ತಿತ್ತು.
ತುದಿಗೆ ಪೆನ್ಸಿಲಿನ ಗೆರೆ ಹಾಕಿ ತಾರೀಕು ಬರೆಯುತ್ತಿದ್ದೆ:
ಜುಲೈ ಹದಿನೆಂಟು. ಆಗಸ್ಟ್ ನಾಲ್ಕು.
ಪಕ್ಕದಲ್ಲೇ ರಿತೇಶನ ಎತ್ತರದ ಗೆರೆಗಳು.
ಒಂದು ಇಳಿಯುವುದು, ಒಂದು ಏರುವುದು;
ಎಲ್ಲಿ ಕೂಡುತ್ತವೋ ಅಂತ ನನಗೊಂದು ಹೆದರಿಕೆ.
ಈ ಬೋರ್ಡು ಬಂದ ಮೇಲೆ
ಬಿರುಕು ಅಕ್ಟೋಬರಿನಲ್ಲೇ ನಿಂತಿದೆ.
ಹುಡುಗ ಅದನ್ನು ದಾಟಿ ಎರಡು ಬೆರಳು ಮೇಲೆ ಹೋಗಿದ್ದಾನೆ.

ಇದನ್ನು ಇದಿನಬ್ಬನಿಗೆ ಹೇಳುವುದು ಹೇಗೆ?
ಕರಗಿದ ಐಸಿನ ನೀರು ಚಕ್ರದ ಬದಿಯಿಂದ ಹರಿದು
ನನ್ನ ಬೂಟಿನ ತನಕ ಬಂತು.
ಬೂಟು ಸರಿಸಿದೆ.
ಅಲ್ಲಿಗೂ ಬಂತು.

ಐದಕ್ಕೆ ಅಡ್ಡ ತೆಗೆದೆ.
ನಲವತ್ತೋ ಐವತ್ತೋ ಎಂಜಿನು ಒಟ್ಟಿಗೆ ಕೆಮ್ಮಿದವು.
ಆಗ ಕೊಟ್ಟಿದ್ದರೆ ಆ ಬಂಗುಡೆ ತಗೊಳ್ಳುತ್ತಿದ್ದೆ,
ದುಡ್ಡು ಕೊಟ್ಟಾದರೂ.
ಅವನು ಈ ಕಡೆ ನೋಡಲೇ ಇಲ್ಲ.

ಸೇತುವೆ ದಾಟಲು ಒಂದು ನಿಮಿಷ, ಕೊಟ್ಟಾರಕ್ಕೆ ಮತ್ತೆ ಮೂರು.
ಬೆರಳು ಮಡಚುತ್ತಾ ನಿಂತೆ:
ಈಗ ಸ್ಟೀಲು ಲೋಟಗಳು.
ಈಗ ಕಿಟಕಿ.
ಈಗ ಮಗ ಮಗ್ಗುಲು ಬದಲಿಸುತ್ತಾನೆ.
ನಾನು ಹೋಗಿ ಬೂಟು ಬಿಚ್ಚುವ ಮೊದಲೇ
ಮೀನಿನ ವಾಸನೆ ಮನೆ ಸೇರಿರುತ್ತದೆ.