ಐದನೆಯ ತೂತು

ತಮಟೆಗೆ ಬೆಂಕಿ ಬೇಕು, ಕೊಳಲಿಗೆ ಬೇಡ.
ಜಗಳ ಶುರುವಾದದ್ದೇ ಅಲ್ಲಿಂದ.

ಶಿಡ್ಲಘಟ್ಟದ ಜಬೀವುಲ್ಲಾ ಸಾಹೇಬರ ಫಿಲೇಚರಿನಲ್ಲಿ
ರಾತ್ರಿ ಪಾಳಿಗೆ ಬಾಯ್ಲರಿಗೆ ಸೌದೆ ಹಾಕುವವನು ನಾನು, ಗಂಗುಲಪ್ಪ.
ಸಾವಿದ್ದ ದಿನ ರಜ.
ನಮ್ಮನೇದೇ ಆಗಬೇಕಿಲ್ಲ, ಯಾರ ಸಾವಾದರೂ ಸರಿ,
ಮುಂದೆ ಬಡಿಯಲು ಕೈ ಬೇಕಲ್ಲ.

ಅವನು ಬಂದದ್ದು ಅಸ್ಸಾಮಿನಿಂದ.
ಹೆಸರು ಮಿಥಿಂಗಾ.
ಬೇಸಿನ್ ಮುಂದಿನ ಹೆಂಗಸರ ಬಾಯಲ್ಲಿ ಅದು ಮಿಟ್ಟಿಂಗು,
ವಾರದೊಳಗೆ ಮೀಟಿಂಗು.
ಮೀಟಿಂಗು ಬಂದ, ಮೀಟಿಂಗು ಉಂಡ,
ಮೀಟಿಂಗು ಗೂಡಿನೊಳಗಿನ ಬೆಂದ ಹುಳ ಆರಿಸಿ
ಉಪ್ಪು ಮೆಣಸಿನಲ್ಲಿ ಹುರಿದು ತಿಂದ.
ಎಲ್ಲರೂ ಮೂಗಿಗೆ ಸೆರಗು. ನಾನೂ ಮುಚ್ಚಿಕೊಂಡೆ.
ಆಮೇಲೆ ನೆನಪಾಯಿತು,
ನಮ್ಮಪ್ಪನ ತಟ್ಟೆ ನೋಡಿ
ಹೀಗೇ ಮೂಗು ಮುಚ್ಚಿದವರಿದ್ದರು ಊರಲ್ಲಿ.
ಕೈ ತಾನಾಗಿ ಕೆಳಗಿಳಿಯಿತು.

ಚೀಲದಿಂದ ಅವನು ತೆಗೆದ ಬಿದಿರು
ನನ್ನ ತೋಳಿಗಿಂತ ಉದ್ದ. ತೂತು ಮಾತ್ರ ಐದು.
ಭಜನೆಮನೆಯ ಕೊಳಲಿಗೆ ಎಂಟಿವೆ,
ಮೂರನ್ನು ಯಾರಯ್ಯಾ ಕದ್ದರು, ಅಂದೆ.
ಅರ್ಥವಾಗದೆ, ಒಂದೊಂದನ್ನೂ ಮುಟ್ಟಿ ಎಣಿಸಿದ:
ಸೆ, ನೈ, ಥಾಮ್, ಬ್ರೈ, ಬಾ.
ಕರೆದನೆಂದು ಎದ್ದು ಹೋದೆ.
ನನ್ನ ಮುಖ ನೋಡಿದ. ಮತ್ತೆ ಎಣಿಸಿದ, ಬಾ.
ಇನ್ನೂ ಹತ್ತಿರ ಹೋದೆ.
ಮುನೆಕ್ಕ ಬಿದ್ದು ಬಿದ್ದು ನಕ್ಕಳು, ಅವಳ ಎಳೆ ತುಂಡಾಯಿತು:
"ಅವನ ಭಾಷೇಲಿ ಅದು ಐದು, ಕೂತ್ಕೊಳಣ್ಣ."

ಬಾಯ್ಲರಿನ ಬಾಯಲ್ಲಿ ಕಾಯಿಸಿದರೆ
ತಮಟೆ ಕಂಚಿನ ಹಾಗೆ ಮಾತಾಡುತ್ತದೆ,
ಅದೇ ಶಾಖಕ್ಕೆ ಅವನ ಬಿದಿರು ಸೀಳುತ್ತದೆ.
ಬೇಸಿನ್ ಕಡೆ ಸರಿದರೆ ಹಬೆ, ನನ್ನ ಚರ್ಮ ನೆನೆದ ರೊಟ್ಟಿ.
ಎರಡು ರಾತ್ರಿ ಜಾಗ ಹುಡುಕಿದೆವು,
ಅವನು ಅವನ ಭಾಷೆಯಲ್ಲಿ ಬೈಯುತ್ತ, ನಾನು ನನ್ನದರಲ್ಲಿ.
ಕೊನೆಗೆ ಸಿಕ್ಕಿದ್ದು ಸೌದೆ ಕೋಣೆಯ ಹೊಸಲು.
ಅಲ್ಲಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ನಷ್ಟ.

ಊದಿದ. ಎದೆ ಹಿಂಡುವ ಉದ್ದನೆಯ ಎಳೆ.
ಯಾರೋ ಹೋಗಿರಬೇಕು ಇವನಿಗೆ, ಅಂದುಕೊಂಡು
ಸಾವಿನ ಬಡಿತ ಹಾಕಿದೆ, ಹೆಜ್ಜೆಗೊಂದು ಪೆಟ್ಟು.
ಅವನು ಎದ್ದು ಕುಣಿದ!
ಫೋನಿನಲ್ಲಿ ತೋರಿಸಿದ, ಅವರ ಹೊಸ ವರ್ಷವಂತೆ,
ಹಳದಿ ಉಟ್ಟ ಹುಡುಗಿಯರು ಸಾಲಾಗಿ, ಅದೇ ಧಾಟಿಗೆ.
ನಾಚಿ, ಮದುವೆಯ ಬಡಿತಕ್ಕೆ ಹೊರಳಿದೆ.
ಕೊಳಲು ಇಳಿಸಿ ಕತ್ತಲ ಕಡೆ ತಿರುಗಿದ.
ಯಾಕೆಂದು ಹೇಳಲಿಲ್ಲ.
ಕೇಳುವಷ್ಟು ಭಾಷೆ ನನ್ನಲ್ಲೂ ಇರಲಿಲ್ಲ.

ಸಾಹೇಬರು ರೇಗುತ್ತ ಬಂದರು, ನೂಲು ದಪ್ಪ ಬರ್ತಾ ಇದೆ,
ಇವರೆಲ್ಲ ತಾಳ ಕೇಳ್ತಾರೆ, ಎಳೆ ನೋಡಲ್ಲ ಅಂತ.
ಬೈದು ಮುಗಿಸಿ ಗೂಡಿನ ಮೂಟೆ ಮೇಲೆ ಕೂತರು.
ಎದ್ದದ್ದು ಫಜರ್ ಕೂಗಿಗೆ.

ಅವರ ಮಗನ ಹಿಂದಿಯಲ್ಲಿ ಒಂದು ಮಾತು ಕೇಳಿಸಿದೆ:
ನಿಮ್ಮೂರಲ್ಲಿ ಡೋಲು ಬಡಿಯೋದು ಯಾವ ಕೇರಿಯವರು?
ಮೂರು ಸಲ ಕೇಳಿದರೂ ಪ್ರಶ್ನೆಯೇ ತಿಳಿಯಲಿಲ್ಲ ಅವನಿಗೆ.
"ಯಾರಿಗೆ ಬರುತ್ತೋ ಅವರು" ಅಂದ.
ಅವತ್ತು ರಾತ್ರಿ ಸೌದೆ ಹಾಕುವುದು ಮರೆತೆ.
ಹಬೆ ಇಳಿಯಿತು, ನೀರು ತಣ್ಣಗಾಯಿತು,
ಒಂದು ದಿನದ ಕೂಲಿ ಕಡಿದರು. ಕಡೀಲಿ.

ಅವರೂರ ನಾಟಿಗೆ ಹೋದವನು ತಿರುಗಿ ಬಂದಿಲ್ಲ, ಇನ್ನೂ.

ಮೊನ್ನೆ ಮೇಲೂರಿನಲ್ಲಿ ಒಂದು ಸಾವು.
ನಾಲ್ಕು ತಮಟೆ, ಮುಂದಿನವನು ನಾನು.
ನಮ್ಮ ಮಾವ ಲೆಕ್ಕ ಕಲಿಸಿದ್ದು ತೆಲುಗಿನಲ್ಲಿ,
ನಲವತ್ತು ವರ್ಷದಿಂದ ಬಾಯೊಳಗೆ ಒಕಟಿ, ರೆಂಡು, ಮೂಡು.
ಅವತ್ತು ಯಾಕೋ ಸೆ ಬಂತು, ನೈ ಬಂತು,
ಥಾಮ್, ಬ್ರೈ.
ಹುಡುಗರು ತಿರುಗಿ ನೋಡಿದರು. ಬಡಿತ ತಪ್ಪಲಿಲ್ಲ.
ಚಟ್ಟದ ಕಡೆಗೆ ಮುಖ ಮಾಡಿ ಹಿಂದೆ ಹಿಂದೆ ನಡೆಯುತ್ತಿದ್ದೆ.
ಹೊರಟೇಹೋಗಿದ್ದವನಿಗೆ
ಐದನೆಯ ಪೆಟ್ಟಿನ ಮೇಲೆ, ಗಟ್ಟಿಯಾಗಿ,
ಬಾ, ಅಂದೆ.